ಕನ್ನಡದಲ್ಲಿ ಕುಡಿದೆ, ಹಿಂದಿಯಲ್ಲಿ ಬಿಟ್ಟೆ

“ಸರ್, ಸಹಿ ತಾಳೆ ಆಗ್ತಾ ಇಲ್ಲ.”

ಹೀಗಂದವಳು ನಮ್ಮ ಶಾಖೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಚೆಕ್ಕು ನನ್ನದು, ಖಾತೆ ನನ್ನದು, ಹತ್ತಡಿ ಆಚೆ ಗಾಜಿನ ಕೋಣೆಯಲ್ಲಿ ಕೂತ ಅಧಿಕಾರಿಯೂ ನಾನೇ. 31 ವರ್ಷ ಮಂದಿಯ ಸಹಿ ನೋಡಿಯೇ ಹೊಟ್ಟೆ ಹೊರೆದವನು ನಾನು. ಖೊಟ್ಟಿ ಸಹಿಯ ಬಾಲ ಎಲ್ಲಿ ನಡುಗುತ್ತದೆ, ಪೆನ್ನು ಎಲ್ಲಿ ಅನುಮಾನಿಸಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ ಎಂದು ಹೊಸ ಹುಡುಗರಿಗೆ ಕಲಿಸಿದವನು. ಆ ಚೆಕ್ಕಿನ ಮೇಲೆ ನಾನು ಕಲಿಸಿದ ಅಷ್ಟೂ ಲಕ್ಷಣ ಇದ್ದವು. ಹುಡುಗಿ ಪಾಠ ಚೆನ್ನಾಗಿ ಕಲಿತಿದ್ದಳು.

ಪೆನ್ನು ಸರಿ ಇಲ್ಲ ಅಂದೆ. ಊಟದ ಹೊತ್ತಿಗೆ ಕೆಳಗಿಳಿದೆ, ಮುಂಬೈಯ ಫೋರ್ಟಿನ ಒಂದು ಗಲ್ಲಿಯೊಳಗೆ ಹೊಕ್ಕು ಕ್ವಾರ್ಟರ್ ಮುಗಿಸಿದೆ, ಏಲಕ್ಕಿ ಅಗಿಯುತ್ತ ಬಂದು ಮತ್ತೆ ಸಹಿ ಹಾಕಿದೆ. ಒಂದೇ ಎಳೆತಕ್ಕೆ ಬಂತು, ಕೊನೆಯ ಸುಳಿಯೂ ಸೇರಿ. ಹುಡುಗಿ ನಕ್ಕು ಪಾಸ್ ಮಾಡಿದಳು. ನನಗೆ ನಗು ಬರಲಿಲ್ಲ. ಕುಡಿದರೆ ಕೈ ನಡುಗುತ್ತದೆ ಎಂದು ತಿಳಿದಿದ್ದೆ. ಕುಡಿಯದಿದ್ದರೆ ನಡುಗುವ ಹಂತಕ್ಕೆ ಬಂದಿದ್ದೇನೆ ಅನ್ನುವುದು ಆವತ್ತು ಕಾಗದದ ಮೇಲೆ ಸಿಕ್ಕಿತು. ಮೂರು ವರ್ಷದ ಹಿಂದಿನ ಮಾತು.

ಇಲ್ಲಿ ನನ್ನ ಹೆಸರು ಇಲ್ಲ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ನಾನು ಹಾವೇರಿ ಕಡೆಯವನು, ಡೊಂಬಿವಲಿಯಲ್ಲಿ ಮನೆ. ಮುಂಬೈ ಸೇರಿದ ಮೇಲೆ ಕನ್ನಡ ಮಾತಾಡಬೇಕೆಂದರೆ ನನಗಿದ್ದ ಜಾಗ ಮೂರು: ಮನೆ, ರಾಜ್ಯೋತ್ಸವದ ವೇದಿಕೆ, ಪರ್ಮಿಟ್ ರೂಮ್. ಮೂರನೆಯದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಈ ಊರಿನ ಎಷ್ಟೋ ಬಾರುಗಳನ್ನು ನಡೆಸುವವರು ನಮ್ಮ ಕರಾವಳಿಯವರು. ಕೂತ ಕೂಡಲೇ “ಏನ್ ಸರ್, ಇವತ್ತು ತಡ?” ಎಂದು ಕನ್ನಡದಲ್ಲಿ ಕೇಳುವ ವೇಟರ್ ಇರುತ್ತಿದ್ದ. ಅವನ ಮಂಗಳೂರು ಕನ್ನಡ, ನನ್ನ ಹಾವೇರಿ ಕನ್ನಡ, ನಡುವೆ ಶೇಂಗಾ. ಅಲ್ಲಿಗೆ ಹೋಗುವುದನ್ನೂ ಒಂದು ಬಗೆಯ ಕನ್ನಡ ಸೇವೆ ಅಂದುಕೊಂಡಿದ್ದೆನೋ ಏನೋ.

ಕಾನೂನಿನ ಪ್ರಕಾರವೂ ನಾನು ಸಭ್ಯನೇ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ಬಾರಿನ ಬೋರ್ಡಿನ ಮೇಲೆ ‘ಪರ್ಮಿಟ್ ರೂಮ್’ ಎಂದು ಬರೆಯುವುದು ಅದಕ್ಕೇ. ಕೇಳುವವರು ಯಾರೂ ಇಲ್ಲ, ಮಾಡಿಸಿಕೊಳ್ಳುವವರು ಕಡಿಮೆ. ನಾನು ಮಾಡಿಸಿದ್ದೆ, ಜೀವಮಾನದ್ದು. ಆರೋಗ್ಯ ಕಾಪಾಡಿಕೊಳ್ಳಲು ಈತನಿಗೆ ಮದ್ಯ ಬೇಕು ಎನ್ನುವ ಅರ್ಥದ ಒಕ್ಕಣೆ ಆ ಪರವಾನಗಿಯದು. ವರ್ಷಗಟ್ಟಲೆ ಅದನ್ನು ಗೆಳೆಯರಿಗೆ ತೋರಿಸಿ ನಗಿಸಿದ್ದೇನೆ.

ಚೆಕ್ಕಿನ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಆದರೆ ಹೆಂಡತಿಗೆ ಮಗಳ ಕಾಲೇಜಿನ ಫಾರ್ಮಿನ ಮೇಲೇ ಗೊತ್ತಾಗಿತ್ತು. “ನಿಮ್ಮ ಸಹಿ ನಿಮಗ ಬರವಲ್ದಲ್ರೀ” ಅಂದಳು. ಜಗಳದ ದನಿ ಇರಲಿಲ್ಲ. ಜಗಳ ಆಡುವುದನ್ನು ಬಿಟ್ಟು ಒಂದು ವರ್ಷವಾಗಿತ್ತು ಅವಳು. ನಾನದನ್ನು ಶಾಂತಿ ಅಂದುಕೊಂಡಿದ್ದೆ.

ಡಾಕ್ಟರ್ ಒಂದು ಹಾಳೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ ಹತ್ತು ಪ್ರಶ್ನೆ, ಒಟ್ಟು 40 ಅಂಕ. ಎಂಟು ಮುಟ್ಟಿದರೆ ಎಚ್ಚರಿಕೆ. ನಾನು ಬೇಕಾದಲ್ಲೆಲ್ಲ ಸುಳ್ಳು ಹೇಳಿದೆ, ಆದರೂ 23 ಬಂತು. ಡಾಕ್ಟರು ಹಾಳೆ ಮಡಿಚಿಟ್ಟು, ಮನೆಗೆ ಹೋಗಿ ಶಪಥ ಮಾಡಿ ಒಮ್ಮೆಲೇ ಬಿಡಬೇಡಿ ಅಂದರು. ಇದನ್ನು ಓದುತ್ತಿರುವ ಯಾರಾದರೂ ಇದ್ದರೆ ಈ ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ದಿನಾ ಕುಡಿಯುವ ಮೈ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಾಣಿಸಿ ಬುದ್ಧಿ ಭ್ರಮಿಸಬಹುದು, ಜೀವವೂ ಹೋಗಬಹುದು. ಹಟ ಹಿಡಿದು ಮನೆಯಲ್ಲಿ ಮಾಡುವ ಕೆಲಸವಲ್ಲ. ನನ್ನನ್ನು ಆರು ದಿನ ಇಟ್ಟುಕೊಂಡು ವಿಟಮಿನ್ ಬಿ1 ಇಂಜೆಕ್ಷನ್, ದಿನಕ್ಕಿಷ್ಟು ಇಳಿಸುತ್ತ ಬರುವ ಮಾತ್ರೆ ಕೊಟ್ಟರು. ಹೊರಡುವಾಗ ಒಂದು ಚೀಟಿ: ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ), ಒಂದು ಫೋನ್ ನಂಬರು, ಒಂದು ಮುನ್ಸಿಪಲ್ ಶಾಲೆಯ ವಿಳಾಸ.

ಶಾಲೆ. ಅಲ್ಲಿಂದಲೇ ನನ್ನ ಸಿಟ್ಟು ಶುರುವಾಯಿತು.

ಎರಡನೇ ಇಯತ್ತೆಯ ಕೋಣೆ. ಗೋಡೆಯ ಮೇಲೆ ಮರಾಠಿ ಅಕ್ಷರಮಾಲೆ: ಅ ಅನನಸ, ಆ ಆಯಿ. ಏಳು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚು. ಕೂತರೆ ಮೊಣಕಾಲು ಎದೆಗೆ ತಾಗುತ್ತವೆ, ಎದ್ದರೆ ಡೆಸ್ಕು ಬಡಿಯುತ್ತದೆ. ಹದಿನೈದು ಇಪ್ಪತ್ತು ಗಂಡಸರು, ಇಬ್ಬರು ಹೆಂಗಸರು, ಎಲ್ಲರೂ ಹಾಗೇ ಮುದುಡಿ ಕೂತಿದ್ದರು. ರಿಕ್ಷಾದವರು, ಬಂದರಿನ ಗೋದಿಯಲ್ಲಿ ಕೆಲಸ ಮಾಡಿದವರು, ಒಬ್ಬ ವಕೀಲರು, ಬೆಸ್ಟ್ ಬಸ್ಸಿನ ನಿವೃತ್ತ ಕಂಡಕ್ಟರ್ ಒಬ್ಬರು. ಬಾಗಿಲಲ್ಲೇ ನಿಂತು ನಾನು ಲೆಕ್ಕ ಹಾಕಿದೆ. ಇಲ್ಲಿ ನನ್ನ ಸಮ ಎಷ್ಟು ಜನ? ವಕೀಲರನ್ನು ಬಿಟ್ಟರೆ ಯಾರೂ ಇಲ್ಲ. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ.

ಹೌದು, ಹಾಗೇ ಲೆಕ್ಕ ಹಾಕಿದೆ. ಬೆಳಿಗ್ಗೆ ತನ್ನ ಸಹಿ ತಾನು ಹಾಕಲಾರದ ಮನುಷ್ಯ.

ಸಾಮಾನ್ಯವಾಗಿ ಇಂಥ ಬರಹಗಳಲ್ಲಿ ಸಂದೇಹವನ್ನೂ ಅಹಂಕಾರವನ್ನೂ ಬೇರೆ ಬೇರೆ ಇಡುತ್ತಾರೆ. ಸಂದೇಹ ಬುದ್ಧಿವಂತನ ಗುಣ, ಅಹಂಕಾರ ದಡ್ಡನ ದೋಷ ಅನ್ನುವ ಹಾಗೆ. ನನ್ನಲ್ಲಿ ಮಾತ್ರ ಎರಡೂ ಒಂದೇ ಅಂಗಿಯ ಎರಡು ತೋಳು. ದೇವರ ಮಾತು ಬಂದಾಗ ವಿಚಾರವಾದಿ ಆಗುತ್ತಿದ್ದೆ. ನಾನು ಮನೆಯಲ್ಲಿ ಸಂಕಷ್ಟಿ ಹಿಡಿಯುವವನು, ಆ ಕೋಣೆಯೊಳಗೆ ಕಾಲಿಟ್ಟ ಕೂಡಲೇ ನಾಸ್ತಿಕ! ಕುಡಿತ ಬಿಡಲು ಅವರು ಹೇಳುವ 12 ಮೆಟ್ಟಿಲುಗಳನ್ನು ಅಚ್ಚು ಹಾಕಿದ ಕಾರ್ಡು ಕೈಗೆ ಕೊಟ್ಟರೆ ಹಿಂದಿ ಅನುವಾದದಲ್ಲಿ ವ್ಯಾಕರಣದ ತಪ್ಪು ಹುಡುಕಿದೆ. ಎರಡು ಸಿಕ್ಕವು. ಜೇಬಿನಿಂದ ಪೆನ್ನು ತೆಗೆದು ತಿದ್ದಿದೆ, ನಡುಗುವ ಕೈಯಲ್ಲಿ.

ಕೊನೆಗೆ ಒಂದು ಡಬ್ಬಿ ತಿರುಗಿತು. ಕೆಲವರು ಹತ್ತು ರೂಪಾಯಿ ಹಾಕಿದರು, ಕೆಲವರು ಹಾಕಲಿಲ್ಲ. ನಾನು ಎಲ್ಲರಿಗೂ ಕಾಣುವ ಹಾಗೆ ಐನೂರರ ನೋಟು ಹಾಕಿ, ಇದರ ಲೆಕ್ಕಪತ್ರ ಯಾರು ನೋಡುತ್ತಾರೆ ಎಂದು ಕೇಳಿದೆ. ಕಂಡಕ್ಟರು ಏನೂ ಅನ್ನದೆ ನೂರು ಪುಟದ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಚಹಾಪುಡಿ, ಹಾಲು, ಬಿಸ್ಕೀಟು, ಕೋಣೆಯ ಬಾಡಿಗೆ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ, ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು ಅನ್ನುವುದು ಅವರ ನಿಯಮ. ಪೈಸೆಗೆ ಪೈಸೆ ತಾಳೆಯಾಗುತ್ತಿತ್ತು. ಅದೂ ಸಿಟ್ಟು ಬರಿಸಿತು.

ಮನೆಗೆ ಬಂದು ಫೋನಿನಲ್ಲಿ ಶೋಧನೆ ಶುರು ಮಾಡಿದೆ. ಉದ್ದೇಶ ಒಂದೇ: ಇದು ಬೋಗಸ್ ಎಂದು ಸಾಬೀತು ಮಾಡಬೇಕು. ಸಾಮಗ್ರಿ ಬೇಕಾದಷ್ಟು ಸಿಕ್ಕಿತು. ಇದನ್ನು ಶುರು ಮಾಡಿದವರಲ್ಲೊಬ್ಬ ಬಿಲ್ ವಿಲ್ಸನ್ ಎಂಬ ಅಮೆರಿಕದ ಷೇರುಪೇಟೆಯ ಮನುಷ್ಯ. 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿದ್ದಾಗ ಕೋಣೆ ತುಂಬ ಬೆಳಕು ಕಂಡಿತಂತೆ, ಆಮೇಲೆ ಕುಡಿಯಲೇ ಇಲ್ಲವಂತೆ. ಆಗ ಅವನಿಗೆ ಕೊಡುತ್ತಿದ್ದ ಔಷಧಿಯಲ್ಲಿ ಬೆಲ್ಲಡೋನಾ ಇತ್ತು. ಅದು ಇಲ್ಲದ್ದನ್ನು ಕಾಣಿಸುವ ಗಿಡ! ಸಿಕ್ಕ, ಅಂದೆ. ಇವಳನ್ನು ಎಬ್ಬಿಸಿ ಹೇಳಿದೆ. ಮಗ್ಗುಲು ಬದಲಿಸಿ, “ಆತ ಕುಡಿಯೂದು ಬಿಟ್ಟನೋ ಇಲ್ಲೋ?” ಎಂದು ಕೇಳಿ ಮಲಗಿದಳು.

ಇನ್ನೂ ಗಟ್ಟಿ ಪುರಾವೆಗೆಂದು ಸಂಶೋಧನೆಗಳತ್ತ ಹೋದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ಸಿಕ್ಕಿತು. 27 ಅಧ್ಯಯನ, 10,565 ಜನ. ಪೂರ್ತಿ ಮದ್ಯ ಬಿಟ್ಟಿರುವ ವಿಷಯಕ್ಕೆ ಬಂದರೆ, ಈ ಗುಂಪುಗಳಿಗೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆ ಉಳಿದ ಮನೋಚಿಕಿತ್ಸೆಗಳಷ್ಟೇ, ಕೆಲವು ಕಡೆ ಅವಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎನ್ನುವ ತಾತ್ಪರ್ಯ. ಎಲ್ಲರಿಗೂ ಒಗ್ಗುತ್ತದೆ ಎಂದೇನೂ ಅದು ಹೇಳುವುದಿಲ್ಲ. ಆದರೆ ನನಗೆ ಬೇಕಾದದ್ದನ್ನೂ ಹೇಳಲಿಲ್ಲ. ಫೋನ್ ಮುಚ್ಚಿಟ್ಟೆ. ಸಂಶೋಧನೆ ಅಲ್ಲಿಗೇ ಮುಗಿಯಿತು. ಸಂದೇಹ ಪ್ರಾಮಾಣಿಕವಾಗಿದ್ದಿದ್ದರೆ ಅದು ಶುರುವಾಗಬೇಕಾದದ್ದು ಅಲ್ಲಿಂದ.

ಆದರೂ ಹೋಗುತ್ತಿದ್ದೆ. ಡಾಕ್ಟರಿಗೆ ಮಾತು ಕೊಟ್ಟಿದ್ದೆ ಅಂತ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಸಂಜೆ ಏಳರಿಂದ ಎಂಟೂವರೆ ಕಳೆಯುವುದು ಹೇಗೆಂದು ಗೊತ್ತಿರಲಿಲ್ಲ. ಅಲ್ಲಿ ಮಾತಾಡುವುದನ್ನು ‘ಶೇರಿಂಗ್’ ಅನ್ನುತ್ತಾರೆ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮೊದಲು ಹೆಸರು ಹೇಳಬೇಕು, ಆಮೇಲೆ ನಾನು ಕುಡುಕ ಅನ್ನಬೇಕು. ಎಲ್ಲರೂ ಹೆದರಿಸಿದ್ದರು, ಅದೇ ಕಷ್ಟದ್ದು ಅಂತ. ನನಗೆ ಏನೇನೂ ಕಷ್ಟವಾಗಲಿಲ್ಲ. ಎದ್ದು ನಿಂತು “ಮೈ ಏಕ್ ಶರಾಬಿ ಹೂಂ” ಅಂದೆ. ದನಿಯ ಏರಿಳಿತ ಸಮೇತ. ವೇದಿಕೆ ಹೊಸದಲ್ಲವಲ್ಲ, ನಿರೂಪಣೆ ಮಾಡಿ, ವಚನ ಹೇಳಿ ಚಪ್ಪಾಳೆ ಗಿಟ್ಟಿಸಿದವನು. ಹತ್ತು ನಿಮಿಷ ಮಾತಾಡಿದೆ. ಮದ್ಯ ಮತ್ತು ಆಧುನಿಕ ನಗರಜೀವನದ ಒತ್ತಡ, ಹೀಗೇನೋ ವಿಷಯ. ಇಡೀ ಭಾಷಣದಲ್ಲಿ ನನ್ನ ಹೆಂಡತಿ ಇಲ್ಲ, ಮಗಳಿಲ್ಲ, ಬಾತ್‌ರೂಮಿನ ಮಾಳಿಗೆಯ ಮೇಲೆ ರೇನ್‌ಕೋಟಿನ ತೋಳಿನೊಳಗೆ ಬಚ್ಚಿಟ್ಟ ಬಾಟಲಿ ಇಲ್ಲ.

ಮೀಟಿಂಗ್ ಮುಗಿದ ಮೇಲೆ ಕಂಡಕ್ಟರ್ ಚಹಾ ಕೊಡುತ್ತ ಮರಾಠಿಯಲ್ಲಿ, ಚೆನ್ನಾಗಿ ಮಾತಾಡುತ್ತೀರಿ ಅಂದರು. ಹೊಗಳಿಕೆ ಅಂದುಕೊಂಡೆ. ಅದೇ ಹುರುಪಿನಲ್ಲಿ ಕೇಳಿದೆ, ಎರಡನೇ ಮೆಟ್ಟಿಲಿನ ‘ನಮಗಿಂತ ದೊಡ್ಡ ಶಕ್ತಿ’ ಅಂದರೆ ಏನು, ಯಾವ ದೇವರು, ಕ್ರಿಸ್ತನೇ? ದೇವರ ಮಾತಿಗೆ ‘ನಾವು ಅರಿತಂತೆ’ ಎಂಬ ಷರತ್ತು ಸೇರಿದ್ದೇ ಅಮೆರಿಕದ ಮೊದಲ ಸದಸ್ಯರಲ್ಲಿ ಕೆಲವರು ತಕರಾರು ತೆಗೆದದ್ದರಿಂದ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಅವರು ಕೇಳಿದ್ದು ಬೇರೆ: “ಲೋಕಲ್ ಎಲ್ಲಿ ಹತ್ತುತ್ತೀರಿ?”

ಸಿಎಸ್‌ಎಂಟಿ ಅಂದೆ, ಲೋಕಲ್ ಗಾಡಿಗಳು ಹೊರಡುವ ಸ್ಟೇಷನ್ನು.

“ಹಾಗಾದರೆ ತಿಳಿಯೋದಿಲ್ಲ ಬಿಡಿ. ಖಾಲಿ ಗಾಡಿ ಬರುತ್ತೆ, ನೀವು ಕಿಟಕಿ ಹಿಡೀತೀರಿ. ಸಂಜೆ ಆರೂವರೆಗೆ ದಾದರಿನಲ್ಲಿ ನಿಂತು ನೋಡಿ. ಅಲ್ಲಿ ಗಾಡಿ ಯಾರೂ ಹತ್ತೋದಿಲ್ಲ. ಹಿಂದಿನವರು ಹತ್ತಿಸ್ತಾರೆ. ನೀವು ಮಾಡಬೇಕಾದ್ದು ಇಷ್ಟೇ, ಬಾಗಿಲಿನ ಎದುರಿಗೆ ನಿಂತಿರೋದು.”

ಚಮತ್ಕಾರದ ಮಾತು ಅನ್ನಿಸಿತು. ಮುಂದಿನ ಭಾಷಣದಲ್ಲಿ ಬಳಸಿಕೊಳ್ಳಬಹುದು ಎಂದು ನೆನಪಿಟ್ಟುಕೊಂಡೆ.

ಎಪ್ಪತ್ತೊಂದನೇ ದಿನ ಕುಡಿದೆ. ದೊಡ್ಡ ಕಥೆಯೇನಿಲ್ಲ. ದುಃಖ ಇರಲಿಲ್ಲ, ಜಗಳ ಇರಲಿಲ್ಲ. ಲಿವರಿನ ರಿಪೋರ್ಟು ಚೆನ್ನಾಗಿ ಬಂದಿತ್ತು, ಸಹಿ ಚೆನ್ನಾಗಿ ಬರುತ್ತಿತ್ತು. ಇಷ್ಟು ಓದಿದ್ದೇನೆ, ಇಷ್ಟು ತಿಳಿದಿದ್ದೇನೆ, ಇನ್ನು ಇದು ನನ್ನ ಹಿಡಿತದಲ್ಲಿದೆ ಅನ್ನಿಸಿತು. ಬಾರಿನೊಳಗೆ ಕಾಲಿಟ್ಟೆ. “ಬಹಳ ದಿನ ಆಯ್ತಲ್ಲ ಸರ್, ಊರಿಗೆ ಹೋಗಿದ್ರಾ?” ಕನ್ನಡದಲ್ಲಿ. ಹೌದು, ಊರಿಗೆ ಹೋಗಿದ್ದೆ ಅಂದೆ, ಕನ್ನಡದಲ್ಲಿ. ಒಂದೇ ಪೆಗ್ಗು ಎಂದು ಕೂತವನು ಎದ್ದದ್ದು ಕಲ್ಯಾಣ ಸ್ಟೇಷನ್ನಿನ ಬೆಂಚಿನಿಂದ, ಬೆಳಗಿನ ಜಾವ. ಡೊಂಬಿವಲಿ ಯಾವಾಗ ದಾಟಿತೋ ಗೊತ್ತಿಲ್ಲ. ಒಂದು ಚಪ್ಪಲಿ ಇರಲಿಲ್ಲ.

ಗುಂಪಿಗೆ ಮರಳಿ ಹೋಗಲು ಹನ್ನೊಂದು ದಿನ ಬೇಕಾಯಿತು. ಏನೇನು ಕೇಳುತ್ತಾರೆ, ಏನೇನು ಉತ್ತರಿಸಬೇಕು ಎಂದು ಲೋಕಲ್‌ನಲ್ಲಿ ತಾಲೀಮು ಮಾಡಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಕಂಡಕ್ಟರ್, “ಆಲಾತ್? ಚಹಾ ಘ್ಯಾ” ಅಂದರು. ಬಂದಿರಾ, ಚಹಾ ತಗೊಳ್ಳಿ. ಅಷ್ಟೇ. ಯಾರೂ ಏನೂ ಕೇಳಲಿಲ್ಲ. ತಯಾರಾಗಿದ್ದ ಉತ್ತರಗಳನ್ನೆಲ್ಲ ನುಂಗಿಕೊಂಡು ಚಹಾ ಕುಡಿದೆ. ಲೆಕ್ಕ ಮತ್ತೆ ಒಂದರಿಂದ. ಬ್ಯಾಂಕಿನವನಿಗೆ ಎಪ್ಪತ್ತು ದಿನದ ಜಮೆ ಒಮ್ಮೆಲೇ ಸೊನ್ನೆಯಾಗುವುದು ಎಷ್ಟು ಉರಿಯುತ್ತದೆ ಎಂದು ಹೇಳಿ ತಿಳಿಸಲಾರೆ. ವಾರಕ್ಕೆರಡು ಸಂಜೆ ಬೆಂಚು ಜೋಡಿಸುವ, ಕಸ ಹೊಡೆಯುವ ಕೆಲಸ ನನಗೆ ಬಂತು. ಮಾಡಿದೆ. ನಮ್ರತೆಯಿಂದ ಅಲ್ಲ, ಕೆಲಸ ಮಾಡುವವನ ಹತ್ತಿರ ಯಾರೂ ಮಾತಾಡುವುದಿಲ್ಲ ಎಂದು.

ಒಂದು ಶುಕ್ರವಾರ, ಮಳೆಗಾಲ, ಒಬ್ಬ ಹುಡುಗನನ್ನು ಯಾರೋ ಕರೆತಂದು ಕೂಡಿಸಿ ಹೋಗಿದ್ದರು. ಮೂವತ್ತರ ಒಳಗಿನವ, ಗೌಂಡಿ ಕೆಲಸ, ಉಗುರುಗಳ ಸುತ್ತ ಸಿಮೆಂಟಿನ ಬಿಳುಪು. ಆಸ್ಪತ್ರೆಯಿಂದ ಬಿಟ್ಟು ಎರಡು ದಿನವಾಗಿತ್ತಂತೆ. ಹಿಂದಿಯಲ್ಲಿ ಏನು ಕೇಳಿದರೂ ‘ಹಾಂ’ ಅನ್ನುತ್ತಿದ್ದ. ಯಾದಗಿರಿ ಕಡೆಯವನೆಂದು ತಿಳಿದ ಕೂಡಲೇ ಕಂಡಕ್ಟರ್ ಕಸಬರಿಗೆ ನನ್ನ ಕೈಯಿಂದ ತಗೊಂಡರು. “ತುಮ್‌ಚ್ಯಾ ಭಾಷೇತಲಾ ಮಾಣೂಸ್ ಆಹೇ. ಬೋಲಾ.” ನಿಮ್ಮ ಭಾಷೆಯವನು, ಮಾತಾಡಿ.

ಮೂಲೆಯ ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಇಬ್ಬರ ಮೊಣಕಾಲೂ ಎದೆಗೆ. ನೋಡಪ್ಪಾ, ಇಲ್ಲಿ ಹೆದರಬೇಕಾದ್ದಿಲ್ಲ, ಇವರೆಲ್ಲ ಕುಡಿತ ಬಿಟ್ಟವರು, ಇದು ಇಂಥ ಸಂಸ್ಥೆ, ಭಾರತಕ್ಕೆ 1957ರಲ್ಲಿ ಬಂತು, ಫೀಸು ಇಲ್ಲ, ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು ಎಂದು ವಿವರಿಸಿದೆ. ಅವನು ನನ್ನ ಅಂಗಿ, ಬೂಟು, ಜೇಬಿನ ಪೆನ್ನು ನೋಡಿದ.

“ನೀವ್ ಇಲ್ಲಿ ಸಾಹೇಬರೇನ್ರೀ?”

ಅಲ್ಲ ಅಂದೆ.

“ಮತ್ತ?”

ಆ ‘ಮತ್ತ’ಕ್ಕೆ ಉತ್ತರ ನನ್ನ ಬಾಯಲ್ಲಿ ಇತ್ತು. ಹಿಂದಿಯಲ್ಲಿ ಮೂವತ್ತು ನಲವತ್ತು ಸಲ ಹೇಳಿದ್ದೆ. ಕನ್ನಡಕ್ಕೆ ತಿರುಗಿಸಿದರೆ ಎರಡೇ ಶಬ್ದ. ಬರಲಿಲ್ಲ. ಗಂಟಲಿನ ಹತ್ತಿರ ಬಂದು ನಿಂತಿತು, ಆ ಚೆಕ್ಕಿನ ಮೇಲೆ ಪೆನ್ನು ನಿಂತ ಹಾಗೆ.

ಶರಾಬಿ ಅಂದರೆ ನನಗೆ ಸಿನಿಮಾದವನು. ಕವಿತೆ ಹೇಳುತ್ತಾನೆ, ಹಾಡುತ್ತಾನೆ, ಕೊನೆಗೆ ಎಲ್ಲರೂ ಅಳುತ್ತಾರೆ. ಆಲ್ಕೊಹಾಲಿಕ್ ಅಂದರೆ ಫೈಲಿನೊಳಗಿನ ರೋಗಿ. ಕುಡುಕ ಅಂದರೆ ನಮ್ಮೂರಿನ ಹಗಸಿ ಕಟ್ಟೆಯ ಮೇಲೆ ಅಂಗಿ ಗುಂಡಿ ಬಿಚ್ಚಿಕೊಂಡು ಬಿದ್ದಿರುತ್ತಿದ್ದವನು. ಶಾಲೆಗೆ ಹೋಗುವಾಗ ಅವ್ವ ಅವನ ಕಡೆಯಿಂದ ನನ್ನನ್ನು ಈ ಕಡೆಗೆ ದಾಟಿಸಿ, ತನ್ನ ಸೆರಗನ್ನು ನನ್ನ ಕಣ್ಣಿಗೆ ಅಡ್ಡ ಹಿಡಿದು, “ಆ ಕುಡುಕನ್ನ ನೋಡಬ್ಯಾಡ” ಅನ್ನುತ್ತಿದ್ದಳು. ನಾನು ಸೆರಗಿನ ನೂಲಿನ ಸಂದಿನಿಂದ ನೋಡುತ್ತಿದ್ದೆ. ಆ ಶಬ್ದ ನನಗೆ ಅವ್ವನ ದನಿಯಲ್ಲೇ ಕೇಳಿಸುತ್ತದೆ. ಅದನ್ನು ನನಗೆ ನಾನೇ ಅಂದುಕೊಳ್ಳುವುದೆಂದರೆ ಅವಳ ಸೆರಗಿನ ಆಚೆ ಹೋಗಿ ಮಲಗಿದ ಹಾಗೆ. ಈ ಊರಿನಲ್ಲಿ ನಾಲ್ಕು ಭಾಷೆ ಕಲಿತು ಬದುಕಿದವರಿಗೆ ಇದೊಂದು ಸವಲತ್ತು: ನೋವಾಗುವ ಮಾತನ್ನು ನೋವಾಗದ ಭಾಷೆಯಲ್ಲಿ ಹೇಳಿ ಮುಗಿಸಬಹುದು. ನಾಲ್ಕೂವರೆ ತಿಂಗಳು ನಾನು ಅದನ್ನೇ ಮಾಡಿದ್ದೆ. ಕನ್ನಡದಲ್ಲಿ ಕುಡಿದವನು ಹಿಂದಿಯಲ್ಲಿ ಬಿಡಲು ಹೊರಟಿದ್ದೆ.

ಹುಡುಗ ಕಾಯುತ್ತಿದ್ದ. ಅವನ ಕಾಲು ಬೆಂಚಿನ ಕೆಳಗೆ ಕುಣಿಯುತ್ತಿತ್ತು, ಎರಡು ದಿನದವರದು ಹಾಗೇ ಕುಣಿಯುತ್ತದೆ.

“ನಾನೂ ಕುಡುಕನ ಅದೀನಪಾ” ಅಂದೆ.

ಅವನು ನಂಬಲಿಲ್ಲ. ಯಾಕೆ ನಂಬಬೇಕು? ಅದಕ್ಕೇ ಹೇಳಬೇಕಾಯಿತು. ರೇನ್‌ಕೋಟಿನ ತೋಳು, ಚೆಕ್ಕು, ಕಲ್ಯಾಣದ ಬೆಂಚು, ಒಂದು ಚಪ್ಪಲಿಯಲ್ಲಿ ಮನೆಗೆ ನಡೆದಾಗ ಮಗಳು ಬಾಗಿಲು ತೆಗೆದು ಏನೂ ಮಾತಾಡದೆ ಇನ್ನೊಂದು ಜೊತೆ ಚಪ್ಪಲಿ ತಂದು ಮುಂದೆ ಇಟ್ಟದ್ದು. ಈ ಚಪ್ಪಲಿಯ ವಿಷಯವನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ. ವೇದಿಕೆಯ ದನಿ ಎಲ್ಲಿ ಹೋಗಿತ್ತೋ. ನಮ್ಮ ಓಣಿಯ ಕನ್ನಡ ಬಾಯಿಗೆ ಬಂದಿತ್ತು. ಚಪ್ಪಲಿಯ ಮಾತು ಬಂದಾಗ ಅವನ ಕಾಲು ನಿಂತಿತು. “ನಂದೂ ಒಂದ್ ಹೆಣ್ ಕೂಸದರೀ” ಅಂದ.

ವಿಲ್ಸನ್ನನ ಕಥೆಯಲ್ಲಿ ನಾನು ಬೆಳಕಿನ ಪುಟವನ್ನಷ್ಟೇ ಓದಿ ಮುಚ್ಚಿದ್ದೆ. ಮುಂದಿನದನ್ನು ಆ ರಾತ್ರಿ ಓದಿದೆ. 1935ರ ಮೇ ತಿಂಗಳು, ಓಹಾಯೋ ರಾಜ್ಯದ ಆಕ್ರನ್ ಊರು. ವ್ಯವಹಾರ ಮುರಿದುಬಿದ್ದು ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಬಾರು, ಒಳಗಿನಿಂದ ನಗುವಿನ ಸದ್ದು. ಅವನು ಫೋನಿನ ಹತ್ತಿರ ಹೋಗಿ ಆ ಊರಿನ ಚರ್ಚುಗಳಿಗೆ ಕರೆ ಮಾಡುತ್ತಾನೆ: ಇಲ್ಲಿ ಯಾರಾದರೂ ಕುಡುಕ ಇದ್ದಾನಾ, ಅವನ ಹತ್ತಿರ ಮಾತಾಡಬೇಕು. ಉದ್ಧಾರ ಮಾಡಲಿಕ್ಕಲ್ಲ, ತಾನು ಆ ಬಾರಿನೊಳಗೆ ಹೋಗದೆ ಇರಲಿಕ್ಕೆ. ಹಾಗೆ ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್, ಕೈ ನಡುಗುವ ಸರ್ಜನ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಬಂದವನು ಗಂಟೆಗಟ್ಟಲೆ ಕೂತ. ಅವನ ಕೊನೆಯ ಕುಡಿತದ ದಿನವೆಂದು ಹೇಳುವ ಜೂನ್ 10ನ್ನೇ ಇವರು ಸಂಸ್ಥೆ ಹುಟ್ಟಿದ ದಿನ ಎಂದು ಎಣಿಸುತ್ತಾರೆ. ಬೆಲ್ಲಡೋನಾದ ಬಗ್ಗೆ ನನ್ನ ಅನುಮಾನ ಈಗಲೂ ಹಾಗೇ ಇದೆ. ಆದರೆ ಆ ಫೋನ್ ಕರೆಯ ಬಗ್ಗೆ ಅನುಮಾನಪಡಲು ಏನೂ ಸಿಗಲಿಲ್ಲ.

ಹೆಸರಿನ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ಪತ್ರಿಕೆ, ರೇಡಿಯೊ, ಸಿನಿಮಾಗಳಲ್ಲಿ ಹೆಸರು ಹೊರಗೆ ಬಿಡಬಾರದು ಎನ್ನುವುದು ಅವರು 1950ರಲ್ಲಿ ಒಪ್ಪಿಕೊಂಡ 12 ಸಂಪ್ರದಾಯಗಳಲ್ಲಿ ಒಂದು. ಆಗ ಬ್ಲಾಗು ಇರಲಿಲ್ಲ, ನಾನು ಸೇರಿಸಿಕೊಂಡಿದ್ದೇನೆ. ಇದು ಮರ್ಯಾದೆ ಉಳಿಸಿಕೊಳ್ಳಲು ಮಾಡಿದ ನಿಯಮ ಎಂದು ತಿಳಿದಿದ್ದೆ. ಈಗ ನನ್ನಂಥವರ ಸಲುವಾಗಿಯೇ ಮಾಡಿದ್ದು ಅನ್ನಿಸುತ್ತದೆ. ಬಿಟ್ಟರೆ ನಾನು ಶಾಲು ಹೊದ್ದು, ಮೈಕು ಹಿಡಿದು, ‘ನಾನು ಮದ್ಯವನ್ನು ಗೆದ್ದ ಬಗೆ’ ಎಂದು ಊರೂರು ತಿರುಗುತ್ತಿದ್ದೆ.

ಆ ಹುಡುಗ ಐದಾರು ಶುಕ್ರವಾರ ಬಂದ. ಆಮೇಲೆ ಅವನ ಕೆಲಸ ಪನವೇಲ್ ಆಚೆ ಹೋಯಿತು. ನಡುವೆ ಎರಡು ತಿಂಗಳು ಫೋನ್ ಎತ್ತಲಿಲ್ಲ. ಏನಾಗಿತ್ತೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಈಗ ಒಮ್ಮೊಮ್ಮೆ ರಾತ್ರಿ ಹತ್ತರ ಸುಮಾರಿಗೆ ಅವನೇ ಮಾಡುತ್ತಾನೆ. “ಸಾಹೇಬ್ರ, ಇವತ್ತ ಹ್ಯಾಂಗ?” ಎಂದು ಕೇಳುತ್ತಾನೆ. ಸಾಹೇಬ ಅನ್ನಬೇಡ ಅಂದರೆ ಕೇಳುವುದಿಲ್ಲ. “ಇವತ್ತ ಆತಪಾ” ಅನ್ನುತ್ತೇನೆ. “ನಂದೂ ಆತರೀ” ಅನ್ನುತ್ತಾನೆ, ಇಟ್ಟುಬಿಡುತ್ತಾನೆ.

ಇವತ್ತು ಶುಕ್ರವಾರ. ಚಹಾದ ಪಾಳಿ ನನ್ನದು. ಶಾಲೆಯ ವಾಚ್‌ಮನ್ ಆರೂವರೆಗೆ ಮೊದಲು ಕೀಲಿ ಕೊಡುವುದಿಲ್ಲ, ಹಾಲು ಇನ್ನೂ ತಂದಿಲ್ಲ.